ಇಂಗ್ಲಿಷ್ ವಾಕ್ಯ ಮತ್ತು ನಮ್ಮ ತಪ್ಪುಗಳು

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಮನೆಯವರೆಗೂ ಬಂದು ಕೇಳಿದಾಗ ನಾನು ಮೊದಲು ಹಿಂಜರಿದೆ. ಮೂವತ್ತನಾಲ್ಕು ವರ್ಷಗಳ ಕಾಲ ಪರರ ಬರವಣಿಗೆಯನ್ನು ತಿದ್ದುತ್ತ ಬಂದವನಿಗೆ ತಾನೇ ನಾಲ್ಕು ಸಾಲು ಬರೆಯಬೇಕಾಗಿ ಬಂದಾಗ ಕೈ ಏಳದಿರುವುದು ಸಹಜ. ಸಂಸ್ಥೆಯ ಬೆಳವಣಿಗೆಯನ್ನು ಕುರಿತೂ ಪ್ರಸಾದನಿಲಯದ ಅನ್ನದ ಋಣವನ್ನು ಕುರಿತೂ ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. “ಹಾಗಾದರೆ ನಿಮ್ಮ ಕೆಂಪು ಮಸಿಯ ವಿಷಯವನ್ನೇ ಬರೆಯಿರಿ ಸರ್” ಎಂದು ಬಂದವರಲ್ಲೊಬ್ಬರು ನಕ್ಕರು. ಅವರೂ ಒಂದು ಕಾಲಕ್ಕೆ ಆ ಮಸಿಗೆ ಪಾತ್ರರಾದವರೇ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಇಂಗ್ಲಿಷ್ ವಾಕ್ಯರಚನೆಯಲ್ಲಿ ನಮ್ಮ ಹುಡುಗರು ಮಾಡುವ ತಪ್ಪುಗಳನ್ನೂ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಿಕೊಳ್ಳುತ್ತೇನೆ. ಎರಡನೆಯದನ್ನು ಇದುವರೆಗೆ ನಾಲ್ಕಾರು ಜನರ ಮುಂದಲ್ಲದೆ ಹೇಳಿದ್ದಿಲ್ಲ.

ನಾನು ಈ ಶಾಲೆಗೆ ಇಂಗ್ಲಿಷ್ ಶಿಕ್ಷಕನಾಗಿ ಸೇರಿದ್ದು 1974ರಲ್ಲಿ. ಸುತ್ತಲಿನ ಮಳೆ ಕಾಣದ ಹಳ್ಳಿಗಳಿಂದ ಒಂದು ಟ್ರಂಕು, ಒಂದು ಜಮಖಾನೆಯೊಡನೆ ಬಂದು ಪ್ರಸಾದನಿಲಯಕ್ಕೆ ಸೇರುತ್ತಿದ್ದ ಹುಡುಗರೇ ತರಗತಿಯಲ್ಲಿ ಹೆಚ್ಚು. ಐದನೆಯ ತರಗತಿಯಲ್ಲಿ ಅಕ್ಷರ ಕಲಿತು ಎಂಟನೆಯ ತರಗತಿಗೆ ನನ್ನ ಕೈಗೆ ಬರುವ ಹೊತ್ತಿಗೆ ಅವರ ಪಾಲಿಗೆ ಇಂಗ್ಲಿಷ್ ಎಂಬುದು ದಿನಕ್ಕೆ ನಲವತ್ತು ನಿಮಿಷ ಮಾತ್ರ ಬಾಗಿಲು ತೆರೆಯುವ ಅಂಗಡಿಯಾಗಿತ್ತು. ಗಂಟೆ ಹೊಡೆದ ಮೇಲೆ ಊಟದ ಮನೆಯಲ್ಲಾಗಲಿ ಹೊಲದಲ್ಲಾಗಲಿ ಅದರ ಒಂದು ಶಬ್ದವೂ ಕಿವಿಗೆ ಬೀಳುತ್ತಿರಲಿಲ್ಲ. ನನಗಾದರೋ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕವೇ ಆಧಾರ. ವಾಕ್ಯವನ್ನು ಕತ್ತರಿಸಿ ಕರ್ತೃ ಇದು, ಆಖ್ಯಾತ ಇದು, ಉಪವಾಕ್ಯ ಇದು ಎಂದು ಬೇರ್ಪಡಿಸಿ ಹೆಸರಿಡುವುದನ್ನು ಕಾಲೇಜಿನಲ್ಲಿ ಕಲಿತು ಬಂದಿದ್ದೆ. ಹುಡುಗರು ತಪ್ಪು ಮಾಡುವುದು ಅಲಕ್ಷ್ಯದಿಂದ ಎಂಬುದು ಆಗಿನ ನನ್ನ ದೃಢ ನಂಬಿಕೆ. ಆದ್ದರಿಂದ ಕೆಂಪು ಮಸಿಯನ್ನು ಧಾರಾಳವಾಗಿಯೇ ಖರ್ಚು ಮಾಡುತ್ತಿದ್ದೆ.

1977ರಲ್ಲಿ ಒಂಬತ್ತನೆಯ ತರಗತಿಯ ಹುಡುಗರಿಗೆ ತಮ್ಮ ಕುಟುಂಬವನ್ನು ಕುರಿತು ಹತ್ತು ವಾಕ್ಯ ಬರೆಯಲು ಹೇಳಿದ್ದೆ. ಒಬ್ಬ ಹುಡುಗನ ಪುಸ್ತಕದಲ್ಲಿ ಮೊದಲ ವಾಕ್ಯ ‘ಮೈ ಫಾದರ್ ಫಾರ್ಮರ್’ ಎಂದಿತ್ತು. ನಾನು ಅವನನ್ನು ಮೇಜಿನ ಬಳಿಗೆ ಕರೆದು, ಕ್ರಿಯಾಪದವಿಲ್ಲದೆ ಇಂಗ್ಲಿಷಿನಲ್ಲಿ ವಾಕ್ಯವಾಗದೆಂದು ಗದರಿಸಿ, ನಡುವೆ ‘ಈಸ್ ಎ’ ಎಂದು ಕೆಂಪಕ್ಷರದಲ್ಲಿ ಸೇರಿಸಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಸ್ ಅಲ್ಲ ಸರ್, ವಾಸ್ ಆಗಬೇಕು” ಎಂದ. ಎರಡನೆಯ ವಾಕ್ಯವನ್ನು ಆಗ ಓದಿದೆ. ‘ಲಾಸ್ಟ್ ಇಯರ್ ಎಕ್ಸ್‌ಪೈರ್ಡ್’ ಎಂದಿತ್ತು. ಅದರಲ್ಲಿ ಕರ್ತೃಪದವಿರಲಿಲ್ಲ. ಅಲ್ಲಿ ‘ಹಿ’ ಎಂದು ಸೇರಿಸಬೇಕಾಗಿತ್ತು. ಸೇರಿಸಲು ನನ್ನ ಕೈ ಬರಲಿಲ್ಲ. ಪುಸ್ತಕವನ್ನು ಮಡಚಿ ಅವನ ಕೈಗೆ ಕೊಟ್ಟು ಕಳಿಸಿದೆ.

ಆ ರಾತ್ರಿ ನನ್ನನ್ನು ಕಾಡಿದ್ದು ಹುಡುಗನ ದುಃಖ ಮಾತ್ರವೇ ಅಲ್ಲ. ಅವನ ಎರಡು ವಾಕ್ಯಗಳೂ ಕನ್ನಡದಲ್ಲಿ ನಿರ್ದುಷ್ಟವಾದ ವಾಕ್ಯಗಳು ಎಂಬುದು ನನಗೆ ಅಂದು ಮೊದಲ ಬಾರಿಗೆ ಹೊಳೆಯಿತು. ‘ನಮ್ಮ ತಂದೆ ರೈತರು’ ಎಂದರೆ ಸಾಕು; ಅಲ್ಲಿ ಕ್ರಿಯಾಪದ ಬೇಕಿಲ್ಲ. ‘ಹೋದ ವರ್ಷ ತೀರಿಕೊಂಡರು’ ಎಂದರೆ ಸಾಕು. ಯಾರು ತೀರಿಕೊಂಡರೆಂಬುದನ್ನು ಕ್ರಿಯಾಪದದ ಕೊನೆಯ ಪ್ರತ್ಯಯವೂ ಹಿಂದಿನ ಮಾತೂ ಸೇರಿ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯದ ಆಸರೆ ಇಲ್ಲದಿರುವುದರಿಂದ ಕರ್ತೃವು ಪ್ರತಿ ವಾಕ್ಯದಲ್ಲಿಯೂ ಎದ್ದು ನಿಂತು ಹಾಜರಿ ಹೇಳಬೇಕು. ಹೇಳಲು ಕರ್ತೃವೇ ಇಲ್ಲದಿದ್ದರೆ ‘ಇಟ್’ ಎಂಬುದನ್ನೋ ‘ದೇರ್’ ಎಂಬುದನ್ನೋ ಬಾಡಿಗೆಗೆ ತಂದಾದರೂ ನಿಲ್ಲಿಸಬೇಕು. ‘ಮಳೆ ಬರುತ್ತಿದೆ’ ಎಂಬುದನ್ನು ನಮ್ಮವರು ‘ರೇನ್ ಈಸ್ ಕಮಿಂಗ್’ ಎಂದು ಬರೆಯುವುದು ಕನ್ನಡದ ಮಟ್ಟಿಗೆ ಎಷ್ಟು ನ್ಯಾಯವೋ, ‘ಇಟ್ ಈಸ್ ರೇನಿಂಗ್’ ಎಂಬುದರಲ್ಲಿ ಮಳೆ ಸುರಿಸುತ್ತಿರುವ ಆ ‘ಇಟ್’ ಯಾರೆಂದು ಹುಡುಗರು ಕೇಳುವುದೂ ಅಷ್ಟೇ ನ್ಯಾಯ. ಉತ್ತರ ನನ್ನಲ್ಲಿಯೂ ಇರಲಿಲ್ಲ. ವಾಕ್ಯದ ಮೊದಲ ಪೀಠ ಖಾಲಿ ಇರಬಾರದೆಂಬುದು ಆ ಭಾಷೆಯ ಕಟ್ಟುಪಾಡು ಎಂದಷ್ಟೇ ಹೇಳುತ್ತಿದ್ದೆ.

‘ಈಸ್’ ಇಲ್ಲದ್ದಕ್ಕೆ ಗದರಿಸಿದರೆ ಆಗುವ ಪರಿಣಾಮವನ್ನೂ ಅನುಭವಿ ಶಿಕ್ಷಕರು ಬಲ್ಲರು. ಮುಂದಿನ ವಾರ ಎಲ್ಲ ಪುಸ್ತಕಗಳಲ್ಲಿಯೂ ‘ಈಸ್’ ತುಂಬಿ ತುಳುಕುತ್ತದೆ. ‘ಮೈ ಬ್ರದರ್ ಈಸ್ ಗೋ ಟು ಫೀಲ್ಡ್’, ‘ಹಿ ಈಸ್ ಕೇಮ್ ಯೆಸ್ಟರ್‌ಡೇ’. ಉಪ್ಪಿಲ್ಲವೆಂದು ಬೈಸಿಕೊಂಡ ಅಡುಗೆಯವನು ಮರುದಿನ ಪಾಯಸಕ್ಕೂ ಉಪ್ಪು ಹಾಕಿದಂತೆ. ಇದರಲ್ಲಿ ತಪ್ಪಿತಸ್ಥ ಗದರಿಸಿದವನೇ.

ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆಯುವ ಅವಕಾಶ ನನಗೆ ಒದಗಿತು. ದಕ್ಷಿಣ ಭಾರತದ ಶಿಕ್ಷಕರಿಗಾಗಿ 1963ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ಒಂದೇ ಚೌಕಟ್ಟಿನ ವಾಕ್ಯದಲ್ಲಿ ಪದಗಳನ್ನು ಬದಲಿಸುತ್ತ ಹೋಗುವ ಸಬ್‌ಸ್ಟಿಟ್ಯೂಷನ್ ಟೇಬಲ್‌ಗಳ ಅಭ್ಯಾಸ ಅಲ್ಲಿ ನಮಗಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣು ತೆರೆಸಿದ್ದು ಎಸ್. ಪಿಟ್ ಕಾರ್ಡರ್ ಎಂಬ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಒಂದು ಲೇಖನ. ಕಲಿಯುವವನ ಪ್ರಮಾದಗಳಲ್ಲಿ ಎರಡು ಬಗೆಯೆಂದು ಅವರು ವಿಂಗಡಿಸುತ್ತಾರೆ. ನಿಯಮ ತಿಳಿದಿದ್ದೂ ಆಯಾಸದಿಂದಲೋ ಅವಸರದಿಂದಲೋ ಕೈತಪ್ಪುವುದು ಒಂದು. ತನ್ನೊಳಗೆ ತಾನೇ ಕಟ್ಟಿಕೊಂಡ ಬೇರೊಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುವುದರಿಂದ ಆಗುವುದು ಇನ್ನೊಂದು. ಮೊದಲನೆಯದನ್ನು ಹುಡುಗನೇ ತಿದ್ದಿಕೊಳ್ಳಬಲ್ಲ. ಎರಡನೆಯದು ಅವನ ಕಲಿಕೆ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಶಿಕ್ಷಕನಿಗೆ ತೋರಿಸುವ ಮೈಲಿಗಲ್ಲು. ಇದನ್ನು ತಿಳಿದ ಮೇಲೆ ಪುಸ್ತಕ ತಿದ್ದುವಾಗ ನಾನು ‘ಇದು ತಪ್ಪೇ?’ ಎಂದು ಕೇಳಿಕೊಳ್ಳುವುದಕ್ಕೆ ಮೊದಲು ‘ಇದು ಯಾವ ಕನ್ನಡ ವಾಕ್ಯ?’ ಎಂದು ಕೇಳಿಕೊಳ್ಳತೊಡಗಿದೆ.

ಹಾಗೆ ಕೇಳಿಕೊಂಡರೆ ಎಷ್ಟೋ ಗಂಟುಗಳು ತಾವಾಗಿಯೇ ಸಡಿಲಗೊಳ್ಳುತ್ತವೆ. ‘ಹುಲಿ ಹಸುವನ್ನು ಕೊಂದಿತು’ ಎಂಬುದನ್ನು ‘ಹಸುವನ್ನು ಹುಲಿ ಕೊಂದಿತು’ ಎಂದರೂ ಕನ್ನಡದಲ್ಲಿ ಕೊಂದದ್ದು ಹುಲಿಯೇ. ಎಲ್ಲಿ ಹೋದರೂ ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯ ಹಸುವಿನ ಕೊರಳಿಗೆ ಕಟ್ಟಿದ ಗಂಟೆಯಂತೆ ಅದರ ಗುರುತನ್ನು ಸಾರುತ್ತಿರುತ್ತದೆ. ಇಂಗ್ಲಿಷಿನಲ್ಲಿ ಗಂಟೆಯಿಲ್ಲ, ನಿಂತ ಜಾಗವೇ ಗುರುತು. ಕ್ರಿಯಾಪದದ ಹಿಂದೆ ನಿಂತವನು ಕರ್ತೃ, ಮುಂದೆ ನಿಂತವನು ಕರ್ಮ. ಜಾಗ ಬದಲಾದರೆ ಹಸುವೇ ಹುಲಿಯನ್ನು ಕೊಂದುಬಿಡುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ ಮೊದಲಾದ ಎಂಟು ಪ್ರಕರಣಗಳನ್ನು ಬರೆದನಾದರೂ ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದಕ್ಕೇ ಒಂದು ಪ್ರಕರಣವನ್ನು ಮೀಸಲಿಡಲಿಲ್ಲ. ಪ್ರತ್ಯಯಗಳನ್ನು ಸರಿಯಾಗಿ ಹಚ್ಚಿದರೆ ಕನ್ನಡ ವಾಕ್ಯದ ಮುಕ್ಕಾಲು ಕೆಲಸ ಮುಗಿಯಿತೆಂಬುದು ಇದಕ್ಕೆ ಕಾರಣವಿರಬಹುದೆಂದು ನನ್ನ ಊಹೆ, ಪಂಡಿತರು ಕ್ಷಮಿಸಬೇಕು.

ಪೂರ್ಣವಿರಾಮದ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ನಮ್ಮ ಹುಡುಗರ ಪ್ರಬಂಧಗಳಲ್ಲಿ ಅರ್ಧ ಪುಟದವರೆಗೆ ಚುಕ್ಕೆಯೇ ಕಾಣದೆ ಬರೀ ಅಲ್ಪವಿರಾಮಗಳು ಇರುವೆ ಸಾಲಿನಂತೆ ಹೋಗುತ್ತಿದ್ದವು. ‘ಐ ವೆಂಟ್ ಟು ದ ಫೇರ್, ಐ ಸಾ ದ ಚಾರಿಯಟ್, ಮೈ ಅಂಕಲ್ ಗೇವ್ ಒನ್ ರುಪೀ, ಐ ಬಾಟ್ ಎ ವಿಸಲ್’. ಇದಕ್ಕೆ ಆಂಗ್ಲ ವೈಯಾಕರಣರು ಇಟ್ಟ ಹೆಸರು ಕಾಮಾ ಸ್ಪ್ಲೈಸ್, ಅಂದರೆ ಅಲ್ಪವಿರಾಮದಿಂದ ಹಾಕಿದ ಹೊಲಿಗೆ. ಅಲ್ಪವಿರಾಮ ಎಳೆ ದಾರ. ಎರಡು ಸ್ವತಂತ್ರ ವಾಕ್ಯಗಳ ಭಾರವನ್ನು ಅದು ತಾಳಲಾರದು. ನಮ್ಮವರಿಗೆ ಇದೇಕೆ ಕಾಣುವುದಿಲ್ಲ? ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಹೋದೆನು’, ‘ಕಂಡೆನು’, ‘ಕೊಟ್ಟರು’ ಎಂದೊಡನೆ ವಾಕ್ಯ ಮುಗಿಯಿತೆಂದು ಕಿವಿಗೇ ಗೊತ್ತಾಗುತ್ತದೆ. ಹಳೆಯ ಓಲೆಗರಿಯ ಗ್ರಂಥಗಳಲ್ಲಿ ಇಂದಿನ ವಿರಾಮಚಿಹ್ನೆಗಳು ಇಲ್ಲದಿದ್ದರೂ ಓದುವವರು ದಾರಿ ತಪ್ಪುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆಯೇ ಬಂದುಹೋಗುತ್ತದೆ. ಅದರ ಮುಂದೆ ಇನ್ನೂ ಎಷ್ಟು ದೂರವಿದೆ ಎಂಬುದು ಚುಕ್ಕೆ ಬೀಳುವವರೆಗೆ ತಿಳಿಯದು. ನಮಗೆ ಅಲಂಕಾರದಂತೆ ಕಾಣುವ ಚುಕ್ಕೆ ಅವರಿಗೆ ಊರಿನ ಗಡಿಕಲ್ಲು.

ಸರಿಪಡಿಸುವ ಮಾರ್ಗ ಕಠಿಣವಲ್ಲ. ಚುಕ್ಕೆ ಇಟ್ಟು ಬೇರೆ ಮಾಡಬಹುದು. ‘ಆಂಡ್’, ‘ಬಟ್’ ಮುಂತಾದ ಕೊಂಡಿ ಹಾಕಬಹುದು. ಎರಡಕ್ಕೂ ಸಂಬಂಧ ಬಹಳ ನಿಕಟವಾಗಿದ್ದರೆ ಅರ್ಧವಿರಾಮ ಬಳಸಬಹುದು. ಒಂದನ್ನು ಇನ್ನೊಂದಕ್ಕೆ ಅಧೀನಗೊಳಿಸಬಹುದು. ಕೊನೆಯದೇ ನನಗೆ ಪ್ರಿಯವಾದುದು. ಮೊದಲಿನ ಮೂರರಲ್ಲಿ ಹುಡುಗನ ಕೈ ಮಾತ್ರ ಕೆಲಸ ಮಾಡುತ್ತದೆ. ನಾಲ್ಕನೆಯದರಲ್ಲಿ ಯಾವುದು ಮುಖ್ಯ, ಯಾವುದು ಗೌಣ ಎಂದು ಅವನು ಯೋಚಿಸಲೇಬೇಕಾಗುತ್ತದೆ. ಜಾತ್ರೆಗೆ ಹೋದದ್ದು ಮುಖ್ಯವೋ, ಪೀಪಿ ಕೊಂಡದ್ದು ಮುಖ್ಯವೋ? ಆ ಹುಡುಗನನ್ನು ಕೇಳಿದಾಗ, “ಮಾವ ರೂಪಾಯಿ ಕೊಟ್ಟದ್ದು ಸರ್” ಎಂದ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ರಜಾ ಅರ್ಜಿಗಳಲ್ಲಿ ‘ಐ ವಿಲ್ ನಾಟ್ ಕಮ್ ಟು ಸ್ಕೂಲ್ ಟುಡೇ’ ಎಂದು ಚುಕ್ಕೆಯಿಟ್ಟು, ‘ಬಿಕಾಸ್ ಮೈ ಮದರ್ ಈಸ್ ಸಿಕ್’ ಎಂದು ಬೇರೆ ವಾಕ್ಯವಾಗಿ ಬರೆಯುತ್ತಾರೆ. ಕನ್ನಡದಲ್ಲಿ ‘ಏಕೆಂದರೆ’ ಎಂದು ಹೊಸ ವಾಕ್ಯವನ್ನು ಆರಂಭಿಸುವುದು ತೀರ ಶುದ್ಧವಾದ ಕ್ರಮ. ಆದರೆ ‘ಬಿಕಾಸ್’ ಎಂಬುದು ‘ಏಕೆಂದರೆ’ ಅಲ್ಲ. ಅದು ‘ಇರುವುದರಿಂದ’ ಎಂಬುದರ ಕೊನೆಯ ‘ಇಂದ’. ಅದನ್ನು ಹಚ್ಚಿಕೊಂಡ ಮಾತು ಒಂಟಿಯಾಗಿ ನಿಲ್ಲಲಾರದು. ಇದನ್ನು ಗುರುತಿಸಲು ನಾನು ಹುಡುಗರಿಗೆ ಒಂದು ಒರೆಗಲ್ಲನ್ನು ಕೊಟ್ಟಿದ್ದೆ. ಯಾವುದೇ ಹೇಳಿಕೆಯ ವಾಕ್ಯದ ಹಿಂದೆ ‘ಈಸ್ ಇಟ್ ಟ್ರೂ ದಟ್’ ಎಂದು ಸೇರಿಸಿ ಓದಿ. ‘ಈಸ್ ಇಟ್ ಟ್ರೂ ದಟ್ ಮೈ ಮದರ್ ಈಸ್ ಸಿಕ್’ ಎಂದರೆ ಪ್ರಶ್ನೆಯಾಗುತ್ತದೆ. ಆದ್ದರಿಂದ ಅದು ಪೂರ್ಣ ವಾಕ್ಯ. ‘ಈಸ್ ಇಟ್ ಟ್ರೂ ದಟ್ ಬಿಕಾಸ್ ಮೈ ಮದರ್ ಈಸ್ ಸಿಕ್’ ಎಂದರೆ ಮಾತು ನಡುದಾರಿಯಲ್ಲಿ ನಿಂತುಬಿಡುತ್ತದೆ. ಅದು ತುಂಡು ಮಾತ್ರ. ಹುಡುಗರು ಇದನ್ನು ಆಟವಾಗಿ ಮಾಡಿಕೊಂಡು ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು. ನನಗೆ ಮಸಿಯ ಖರ್ಚು ಇಳಿಯಿತು.

ನನ್ನನ್ನು ಸೋಲಿಸಿದ ಹುಡುಗನೊಬ್ಬನ ಸಂಗತಿಯನ್ನೂ ಹೇಳಬೇಕು. ‘ರೇನಿಂಗ್ ಹೆವಿಲಿ, ದ ಟ್ಯಾಂಕ್ ಬಿಕೇಮ್ ಫುಲ್’ ಎಂದು ಅವನು ಬರೆದಿದ್ದ. ಇಂಗ್ಲಿಷಿನ ಕಟ್ಟಳೆಯಂತೆ ‘ಇಂಗ್’ ಹಚ್ಚಿ ಆರಂಭಿಸಿದ ಪದಗುಚ್ಛದ ಕೆಲಸವನ್ನು ಮಾಡಿದವನೇ ಅಲ್ಪವಿರಾಮದ ಆಚೆಗೆ ಕರ್ತೃವಾಗಿ ಕುಳಿತಿರಬೇಕು. ಇಲ್ಲಿ ಕುಳಿತಿರುವುದು ಕೆರೆ. ಹಾಗಾದರೆ ಕೆರೆಯೇ ಮಳೆ ಸುರಿಸಿತೇ ಎಂದು ನಾನು ತಮಾಷೆ ಮಾಡಿದೆ. ಅವನು ಎದ್ದು ನಿಂತು, “ಮಳೆ ಬಂದು ಕೆರೆ ತುಂಬಿತು ಅಂತ ನಾವೇ ಹೇಳ್ತೀವಲ್ಲ ಸರ್” ಎಂದ. ನಿಜವೇ. ‘ಬಂದು’ ಎಂಬ ಕೃದಂತಾವ್ಯಯದ ಕರ್ತೃವೂ ‘ತುಂಬಿತು’ ಎಂಬುದರ ಕರ್ತೃವೂ ಸಾಮಾನ್ಯವಾಗಿ ಒಂದೇ ಆಗಿರಬೇಕಾದರೂ, ಒಂದು ಕ್ರಿಯೆ ಇನ್ನೊಂದಕ್ಕೆ ಕಾರಣವಾದಾಗ ಕನ್ನಡ ಈ ಸಡಿಲಿಕೆಯನ್ನು ಒಪ್ಪುತ್ತದೆ. ಮಳೆ ಬಂದು ಕೆರೆ ತುಂಬುತ್ತದೆ. ಬಿಸಿಲು ಬಿದ್ದು ಬೆಳೆ ಒಣಗುತ್ತದೆ. ಬಯಲುಸೀಮೆಯ ಹುಡುಗನಿಗೆ ಇವೆರಡನ್ನೂ ಹೇಳದೆ ದಿನ ಕಳೆಯುವುದಿಲ್ಲ. ಅಂದಿನಿಂದ ನಾನು ಇಂಥ ವಾಕ್ಯಗಳಿಗೆ ಕೆಂಪು ಗೆರೆ ಎಳೆಯುವುದನ್ನು ಬಿಟ್ಟು, ಅಲ್ಪವಿರಾಮದ ಬಳಿ ಒಂದು ಸಣ್ಣ ಪ್ರಶ್ನೆಯನ್ನು ಬರೆಯುತ್ತಿದ್ದೆ: ಯಾರು? ಬರೆದವನೇ ಉತ್ತರ ಹುಡುಕಿಕೊಂಡು, ‘ಆಸ್ ಇಟ್ ರೇನ್ಡ್ ಹೆವಿಲಿ’ ಎಂದು ಬದಲಿಸಿಕೊಳ್ಳುತ್ತಿದ್ದ.

ಉಳಿದ ದೋಷಗಳಲ್ಲಿ ಕೆಲವನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ‘ನಿನ್ನ ಹೆಸರೇನು ಎಂದು ಕೇಳಿದೆ’ ಎಂಬಲ್ಲಿ ನಮ್ಮ ‘ಎಂದು’ ಯಾವ ಪ್ರಶ್ನೆಯನ್ನಾದರೂ ಹಾಗೆಯೇ ಹೊತ್ತು ನಡೆಯುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಒಳವಾಕ್ಯವಾದೊಡನೆ ತನ್ನ ಪ್ರಶ್ನಾರೂಪವನ್ನು ಬಿಟ್ಟುಕೊಡಬೇಕು. ‘ಐ ಆಸ್ಕ್ಡ್ ಹಿಮ್ ವಾಟ್ ಈಸ್ ಹಿಸ್ ನೇಮ್’ ಅಲ್ಲ, ‘ವಾಟ್ ಹಿಸ್ ನೇಮ್ ವಾಸ್’. ‘ದೋ’ ಎಂದು ಆರಂಭಿಸಿದ ಮೇಲೆ ನಡುವೆ ‘ಬಟ್’ ಬೇಡ. ಒಂದು ಹಳ್ಳಕ್ಕೆ ಎರಡು ಸೇತುವೆ ಏಕೆ? ‘ದ ಲಿಸ್ಟ್ ಆಫ್ ಬುಕ್ಸ್ ಆರ್’ ಎಂದು ಬರೆಯುವವರಲ್ಲಿ ಹುಡುಗರಿಗಿಂತ ನಾವು ಶಿಕ್ಷಕರೇ ಹೆಚ್ಚು. ಪಕ್ಕದಲ್ಲಿ ನಿಂತ ‘ಬುಕ್ಸ್’ ಎಂಬ ಬಹುವಚನ ನಮ್ಮನ್ನು ಮರುಳು ಮಾಡುತ್ತದೆ. ಆದರೆ ಯಜಮಾನ ‘ಲಿಸ್ಟ್’. ಇನ್ನು ಎಲ್ಲ ಮಾತಿಗೂ ಬಾಲದಂತೆ ಹಚ್ಚುವ ‘ಈಸಿಂಟ್ ಇಟ್’ ನಮ್ಮ ‘ಅಲ್ಲವೇ’ಯ ಅವತಾರ. ಮಾತಿನಲ್ಲಿ ಅದಿರುವುದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಪರೀಕ್ಷಕರಿಗೆ ಇದ್ದೀತು.

ಇಷ್ಟೆಲ್ಲ ತಪ್ಪುಗಳನ್ನು ಬಲ್ಲವನೆಂಬ ಹೆಮ್ಮೆ ನನ್ನಲ್ಲಿ ಚೆನ್ನಾಗಿ ಬೇರೂರಿದ್ದ ಕಾಲದಲ್ಲಿ, 1986ರ ಜುಲೈ ತಿಂಗಳಲ್ಲಿ, ನಾನು ಆ ವಾಕ್ಯವನ್ನು ಬರೆದೆ.

ಶಾಲೆಯ ಮೂವತ್ತೊಂದು ಹುಡುಗರಿಗೆ ವಿದ್ಯಾರ್ಥಿವೇತನ ಮಂಜೂರಾಗಿತ್ತು. ಅವರಲ್ಲಿ ಹದಿನೇಳು ಜನರ ಹಣ ಬಂದು, ಬಟವಾಡೆಯೂ ಆಗಿತ್ತು. ಉಳಿದ ಹದಿನಾಲ್ಕು ಜನರದು ಬಂದಿರಲಿಲ್ಲ. ಸಂಬಂಧಪಟ್ಟ ಕಚೇರಿಗೆ ಒಂದು ಜ್ಞಾಪನ ಪತ್ರ ಬರೆಯಬೇಕಾಗಿತ್ತು. ರಾಜಭಾಷಾ ಕಾಯಿದೆ 1963ರಲ್ಲಿಯೇ ಬಂದಿದ್ದರೂ ಆ ಕಚೇರಿಯೊಡನೆ ನಮ್ಮ ಪತ್ರವ್ಯವಹಾರ ಇನ್ನೂ ಇಂಗ್ಲಿಷಿನಲ್ಲಿಯೇ ನಡೆದಿತ್ತು. ಆದ್ದರಿಂದ ಅಂಥ ಪತ್ರಗಳು ನನ್ನ ಪಾಲಿಗೆ ಬರುತ್ತಿದ್ದವು. ಮಧ್ಯಾಹ್ನದ ವಿರಾಮದಲ್ಲಿ, ಟಪಾಲಿನ ಹೊತ್ತಾಯಿತೆಂಬ ಅವಸರದಲ್ಲಿ ನಾನು ಬರೆದ ಮುಖ್ಯ ವಾಕ್ಯ ಇದು: ‘ಆಲ್ ದ ಥರ್ಟಿ-ಒನ್ ಸ್ಟೂಡೆಂಟ್ಸ್ ಹ್ಯಾವ್ ನಾಟ್ ರಿಸೀವ್ಡ್ ದ ಅಮೌಂಟ್’. ಹದಿನಾಲ್ಕು ಎಂಬ ಸಂಖ್ಯೆಯನ್ನು ಎಲ್ಲಿಯೂ ಬರೆಯಲಿಲ್ಲ. ಪತ್ರದ ಜೊತೆಗೆ ಮೂವತ್ತೊಂದು ಹೆಸರುಗಳ ಪೂರ್ಣ ಪಟ್ಟಿಯನ್ನೇ ಲಗತ್ತಿಸಿದೆ. ಮುಖ್ಯೋಪಾಧ್ಯಾಯರು ನನ್ನ ಮೇಲಿನ ವಿಶ್ವಾಸದಿಂದ ಓದದೆ ಸಹಿ ಮಾಡಿದರು.

ಮೂವತ್ತೊಂದು ಜನರಿಗೂ ಬಂದಿಲ್ಲ, ಕೆಲವರಿಗೆ ಮಾತ್ರ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಮೂವತ್ತೊಂದು ಜನರಲ್ಲಿ ಒಬ್ಬರಿಗೂ ಬಂದಿಲ್ಲ ಎಂದು ಕಚೇರಿಯವರು ಓದಿದರು. ಆ ವಾಕ್ಯ ಎರಡಕ್ಕೂ ಎಡೆ ಕೊಡುತ್ತದೆ. ‘ನಾಟ್’ ಎಂಬ ನಿಷೇಧ ‘ಆಲ್’ ಎಂಬುದರ ಹಿಂದೆ ನಿಂತಿದ್ದರೆ ಅದು ‘ಎಲ್ಲ’ ಎಂಬುದನ್ನು ನಿರಾಕರಿಸುತ್ತದೆ. ಮುಂದೆ ಕ್ರಿಯಾಪದದ ಬಳಿ ನಿಂತರೆ ಅದು ‘ಎಲ್ಲ’ವನ್ನು ನಿರಾಕರಿಸುತ್ತದೋ ‘ಪಡೆದದ್ದನ್ನು’ ನಿರಾಕರಿಸುತ್ತದೋ ತಿಳಿಯದು. ‘ನಾಟ್ ಆಲ್’ ಎಂದು ಆರಂಭಿಸಿದ್ದರೆ ಸಾಕಿತ್ತು. ‘ಫೋರ್ಟೀನ್ ಆಫ್ ದ ಥರ್ಟಿ-ಒನ್’ ಎಂದಿದ್ದರೆ ಇನ್ನೂ ಒಳ್ಳೆಯದಿತ್ತು.

ಕಚೇರಿಯ ದಾಖಲೆಯಂತೆ ಹದಿನೇಳು ಜನರ ಹಣ ಶಾಲೆಗೆ ಸಂದಾಯವಾಗಿತ್ತು. ಒಬ್ಬರಿಗೂ ಮುಟ್ಟಿಲ್ಲವೆಂದು ಶಾಲೆಯೇ ಬರೆದುಕೊಟ್ಟಿದೆ. ಹಾಗಾದರೆ ನಡುವಿನಲ್ಲಿ ಆ ಹಣ ಏನಾಯಿತು? ತನಿಖೆಗೆ ಅಧಿಕಾರಿಗಳು ಬಂದರು. ಹಣ ಪಡೆದು ಬಟವಾಡೆ ಮಾಡಿದವರು ನಮ್ಮ ಶಾಲೆಯ ಗುಮಾಸ್ತರು. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಒಂದು ಕಾಸಿನ ವ್ಯತ್ಯಾಸ ಬಾರದಂತೆ ಲೆಕ್ಕವಿಟ್ಟವರು. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಅವರು ಬಟವಾಡೆ ಪುಸ್ತಕವನ್ನು ತೆರೆದು ಹದಿನೇಳು ಸಹಿಗಳನ್ನು ತೋರಿಸಿದರು. ನಾನೂ ಮುಖ್ಯೋಪಾಧ್ಯಾಯರೂ ಪತ್ರದ ತಾತ್ಪರ್ಯವನ್ನು ವಿವರಿಸಿದೆವು. “ಆಗ ಹಾಗೆ ಬರೆದಿರಿ, ಈಗ ಹೀಗೆ ಹೇಳುತ್ತೀರಿ” ಎಂದು ಅಧಿಕಾರಿ ಹೇಳಿದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಸಹಿಗಳು ಹುಡುಗರವೇ ಎಂದು ಖಚಿತಪಡಿಸಿಕೊಳ್ಳಲು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಹದಿನೇಳು ಜನರಲ್ಲಿ ಇಬ್ಬರು ಶಾಲೆ ಬಿಟ್ಟಿದ್ದರು. ಒಬ್ಬನಂತೂ ದೂರದ ಊರಿನ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಅವನು ಸಿಗುವವರೆಗೆ ಕಡತ ಮುಚ್ಚಲಿಲ್ಲ. ನಾಲ್ಕು ತಿಂಗಳು ಹಿಡಿಯಿತು.

ಆ ನಾಲ್ಕು ತಿಂಗಳು ಗುಮಾಸ್ತರು ದಿನವೂ ಹೊತ್ತಿಗೆ ಸರಿಯಾಗಿ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ಪೇಟೆಯಲ್ಲಿ ಮಾತು ಹಬ್ಬಿತ್ತು. ಅವರ ಮಗಳಿಗೆ ಗೊತ್ತಾಗಿದ್ದ ಸಂಬಂಧದವರು ‘ದೀಪಾವಳಿ ಕಳೆಯಲಿ’ ಎಂದು ಹೇಳಿಕಳಿಸಿದರು. ನನ್ನನ್ನು ಅವರು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಹುಡುಗರಿಗೆ ‘ಯಾರು?’ ಎಂದು ಬರೆಯುತ್ತಿದ್ದ ನನ್ನ ಕೈ ಆ ಅವಧಿಯಲ್ಲಿ ಯಾರ ಪುಸ್ತಕದ ಮೇಲೂ ಸರಾಗವಾಗಿ ಓಡಲಿಲ್ಲ.

ಹೋಟೆಲಿನ ಹುಡುಗನನ್ನು ಹುಡುಕಿ ತರಲು ನಾನೇ ಎರಡು ಬಾರಿ ಬಸ್ಸು ಹತ್ತಿ ಹೋಗಿ ಬಂದೆ. ಎರಡನೆಯ ಸಲ ಸಿಕ್ಕ. ತನ್ನ ಸಹಿಯನ್ನು ನೋಡಿ ನಕ್ಕು, ತನ್ನದೇ ಎಂದ. ನವೆಂಬರಿನಲ್ಲಿ ಕಡತ ಮುಚ್ಚಿತು. ಹದಿನಾಲ್ಕು ಹುಡುಗರ ಹಣವೂ ಆಮೇಲೆ ಬಂತು.

ಅದಾದ ಮೇಲೆ ಒಂದು ಸಂಜೆ ಶಾಲೆಯ ಪಡಸಾಲೆಯಲ್ಲಿ ಗುಮಾಸ್ತರು ನನ್ನನ್ನು ತಡೆದು, “ಮೇಷ್ಟ್ರೇ, ಆ ವಾಕ್ಯದಲ್ಲಿ ನಿಜವಾಗಿ ತಪ್ಪೇನಿತ್ತು? ಯಾರೂ ನನಗೆ ಹೇಳಲೇ ಇಲ್ಲ” ಎಂದರು. ಅವರು ಹಳೆಯ ಮುಲ್ಕಿ ಪರೀಕ್ಷೆ ಪಾಸಾದವರು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಕನ್ನಡದಲ್ಲಿ ಬರೆದಿದ್ದರೂ ಇದೇ ಆಗುತ್ತಿತ್ತಲ್ಲ. ‘ಮೂವತ್ತೊಂದು ಹುಡುಗರಿಗೂ ಹಣ ಬಂದಿಲ್ಲ’ ಅಂದರೆ ಯಾರಿಗೂ ಬಂದಿಲ್ಲ ಅಂತಲೂ ಆಗುತ್ತದೆ” ಎಂದರು. ನಾನು ದಂಗಾದೆ. ಅಲ್ಲಿಯವರೆಗೆ ಆ ದೋಷ ಇಂಗ್ಲಿಷಿನದೆಂದೇ ನಾನು ತಿಳಿದಿದ್ದೆ. ನಮ್ಮ ಗಾದೆಯನ್ನೇ ನೋಡಿ: ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಳಿಯ ವಸ್ತು ಯಾವುದೂ ಹಾಲಲ್ಲವೆಂದು ಅದರಿಂದ ಯಾರೂ ತಿಳಿಯುವುದಿಲ್ಲ. ಹಾಲು ಬೆಳ್ಳಗಿದೆಯೆಂದು ಕೇಳುವವನಿಗೆ ಮೊದಲೇ ಗೊತ್ತಿರುವುದರಿಂದ ಗಾದೆ ಅಪಾಯವಿಲ್ಲದೆ ಪಾರಾಗುತ್ತದೆ. ಆ ಕಚೇರಿಯ ಮೇಜಿನ ಮೇಲೆ ನನ್ನ ಪತ್ರಕ್ಕೆ ಅಂಥ ನೆರವು ಇರಲಿಲ್ಲ. ಹುಡುಗರ ಇಂಗ್ಲಿಷ್ ವಾಕ್ಯದ ಹಿಂದಿರುವ ಕನ್ನಡವನ್ನು ಹುಡುಕುತ್ತಿದ್ದ ನಾನು ನನ್ನ ವಾಕ್ಯದ ಹಿಂದಿನ ಕನ್ನಡವನ್ನು ನೋಡಿರಲಿಲ್ಲ.

ಈಗ ತಪ್ಪುಗಳ ಅಡಿಯಲ್ಲಿ ತಾನೇ ಗೆರೆ ಎಳೆಯುವ ಯಂತ್ರಗಳು ಮಕ್ಕಳ ಅಂಗೈಯಲ್ಲಿವೆ. ಮೊಮ್ಮಗಳ ಮೊಬೈಲಿನಲ್ಲಿ ನಾನು ಆ ಹಳೆಯ ವಾಕ್ಯವನ್ನು ಬರೆಸಿ ನೋಡಿದೆ. ಗೆರೆ ಬೀಳಲಿಲ್ಲ. ವ್ಯಾಕರಣದ ಮಟ್ಟಿಗೆ ಅದರಲ್ಲಿ ತಿದ್ದತಕ್ಕದ್ದೇನೂ ಇಲ್ಲ.

ಗುಮಾಸ್ತರ ಮಗಳ ಮದುವೆ ಅದೇ ಸಂಬಂಧದಲ್ಲಿ ಮಾಘ ಮಾಸದಲ್ಲಿ ನಡೆಯಿತು. ಮುಂದಿನ ಮೇ ತಿಂಗಳಿನಲ್ಲಿ ನಿವೃತ್ತರಾಗುವವರೆಗೆ, ನಾನು ಬರೆದುಕೊಟ್ಟ ಪ್ರತಿಯೊಂದು ಇಂಗ್ಲಿಷ್ ಪತ್ರವನ್ನೂ ಅವರು ಟಪಾಲಿಗೆ ಹಾಕುವ ಮೊದಲು ತೆಗೆದುಕೊಂಡು ಬಂದು ನನ್ನ ಮುಂದಿಡುತ್ತಿದ್ದರು. “ಇದನ್ನು ಒಂದು ಸಲ ಕನ್ನಡದಲ್ಲಿ ಹೇಳಿಬಿಡಿ ಮೇಷ್ಟ್ರೇ” ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಬೆರಳಿನಿಂದ ಸಾಲನ್ನು ಹಿಂಬಾಲಿಸುತ್ತ, ಸಂಖ್ಯೆಗಳು ಬಂದಲ್ಲಿ ನಿಲ್ಲಿಸಿ, ಎಷ್ಟರಲ್ಲಿ ಎಷ್ಟು ಎಂದು ಕೇಳುತ್ತಿದ್ದರು. ಎರಡು ಮೂರು ಸಲ ಹಾಗೆ ಕೇಳಿದ್ದರಿಂದಲೇ ಪತ್ರವನ್ನು ಮತ್ತೆ ಬರೆಯಬೇಕಾಯಿತು. ಕೊನೆಯದು ಅವರ ನಿವೃತ್ತಿವೇತನದ ಪತ್ರ. ಅದ ನ್ನೂ ಕನ್ನಡದಲ್ಲಿ ಹೇಳಿಸಿ ಕೇಳಿ, ಸರಿಯಿದೆಯೆಂದು ತಲೆಯಾಡಿಸಿ, ಜೇಬಿನಿಂದ ಪೆನ್ನು ತೆಗೆದು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು.